ತಲೆ ಬದಲಾಯಿತು, ಕುದುರೆ ಅದೇ

ಕೇಳುಗರೆಲ್ಲರಿಗೂ ನಮಸ್ಕಾರ.

17ನೇ ಶತಮಾನದ ಇಂಗ್ಲೆಂಡಿನ ಒಂದು ಅಚ್ಚಿನ ಚಿತ್ರದ ಬಗ್ಗೆ ಇವತ್ತು ಹೇಳುತ್ತೇನೆ. ಭರ್ಜರಿ ಕುದುರೆ, ಅದರ ಮೇಲೆ ಕವಚ ತೊಟ್ಟ ಸವಾರ, ಪಕ್ಕದಲ್ಲಿ ಒಬ್ಬ ಸೇವಕ. ಎಲ್ಲಾ ಚೆನ್ನಾಗಿದೆ. ಆದರೆ ಉಳಿದು ಬಂದಿರುವ ಒಂದು ಪ್ರತಿಯಲ್ಲಿ ಸವಾರನಿಗೆ ತಲೆಯೇ ಇಲ್ಲ! ಅದಕ್ಕೇ ಇದಕ್ಕೆ ‘ತಲೆಯಿಲ್ಲದ ಸವಾರ’ ಎಂಬ ಹೆಸರು ಬಂತು.

ಇದನ್ನು ಕೊರೆದವನು ಪಿಯರ್ ಲೊಂಬಾರ್ಟ್. ಫ್ರಾನ್ಸಿನಿಂದ ಬಂದು ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ. ಸವಾರನ ಭಂಗಿ ಅವನ ಸ್ವಂತದ್ದಲ್ಲ. ವ್ಯಾನ್ ಡೈಕ್ ಎಂಬ ಕಲಾವಿದ 1633ರಲ್ಲಿ ಒಂದನೇ ಚಾರ್ಲ್ಸ್ ದೊರೆಯನ್ನು ಕುದುರೆ ಮೇಲೆ ಕೂರಿಸಿ ದೊಡ್ಡ ತೈಲಚಿತ್ರ ಬರೆದಿದ್ದ. ಭಂಗಿ ಬಂದದ್ದು ಅಲ್ಲಿಂದ. ಅಷ್ಟರಲ್ಲಿ ಕಾಲ ಬದಲಾಗಿತ್ತು. 1649ರ ಜನವರಿ 30ರಂದು ಪಾರ್ಲಿಮೆಂಟಿನ ಕಡೆಯವರು ಚಾರ್ಲ್ಸ್‌ನ ತಲೆ ಕಡಿಸಿದ್ದರು. 1650ರ ದಶಕದಲ್ಲಿ ಅಧಿಕಾರವೆಲ್ಲ ಆಲಿವರ್ ಕ್ರಾಮ್ವೆಲ್ ಕೈಯಲ್ಲಿತ್ತು. ಹಾಗಾಗಿ ರಾಜನ ಕುದುರೆ ಮೇಲೆ ರಾಜನ ವೈರಿಯ ತಲೆ ಕೂತಿತು.

ತಲೆ ಬದಲಾಯಿಸುವುದು ಹೇಗೆ ಅಂತೀರಾ? ಇವು ತಾಮ್ರದ ತಗಡಿನಲ್ಲಿ ಚೂಪಾದ ಉಳಿಯಿಂದ ಗೆರೆ ಕೊರೆದು, ಆ ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದದ ಮೇಲೆ ಒತ್ತಿ ತೆಗೆಯುವ ಚಿತ್ರಗಳು. ಬೇಡವಾದ ಗೆರೆಯನ್ನು ಕೆರೆದು ತೆಗೆಯಬೇಕು. ಕೆರೆದ ಜಾಗ ತಗ್ಗಾಗುತ್ತದೆ. ಅದನ್ನು ಹಿಂಬದಿಯಿಂದ ಸುತ್ತಿಗೆಯಲ್ಲಿ ತಟ್ಟಿ ಮೇಲೆತ್ತಿ, ಉಜ್ಜಿ ನಯ ಮಾಡಿ, ಹೊಸ ಮುಖ ಕೊರೆಯಬೇಕು. ಸುಮ್ನೆ ಆಗುವ ಕೆಲಸವಲ್ಲ. ಆದರೂ ಇಡೀ ಕುದುರೆಯನ್ನು ಮತ್ತೆ ಕೊರೆಯುವುದಕ್ಕಿಂತ ಇದು ಎಷ್ಟೋ ವಾಸಿ. ಕುದುರೆಯ ಜೂಲು, ಕವಚದ ಹೊಳಪು, ಹಿಂದಿನ ಮೋಡ, ಶ್ರಮವೆಲ್ಲ ಹೋಗಿರುವುದು ಅಲ್ಲೇ ಅಲ್ವಾ? ಮುಖ ಎಷ್ಟಗಲ ಇರುತ್ತದೆ ಹೇಳಿ!

ಲೊಂಬಾರ್ಟ್‌ನ ತಗಡಿನ ಮೇಲೆ ಫ್ರಾನ್ಸಿನ 14ನೇ ಲೂಯಿಯ ತಲೆಯೂ ಬಂದುಹೋಯಿತು. ಕೊಳ್ಳುವವರಿಗೆ ಅದೇನೂ ವಿಚಿತ್ರ ಅನ್ನಿಸಿರಲಾರದು. ದೊರೆಯನ್ನು ಕಣ್ಣಾರೆ ಕಂಡವರೇ ಕಡಿಮೆ. ಕುದುರೆ, ಕವಚ, ಕೆಳಗೊಂದು ಹೆಸರು ಇದ್ದರೆ ಸಾಕು, ದೊಡ್ಡ ಮನುಷ್ಯ ಅಂತ ಗೊತ್ತಾಗುತ್ತಿತ್ತು. ರಾಜರ ಚಿತ್ರ ಅಂದರೆ ಮುಖಕ್ಕಿಂತ ಠೀವಿಯೇ ಜಾಸ್ತಿ ಎಂದು ನನಗನ್ನಿಸುತ್ತದೆ.

1660ರಲ್ಲಿ ಚಾರ್ಲ್ಸ್‌ನ ಮಗ ಸಿಂಹಾಸನಕ್ಕೆ ಬಂದ. ಕ್ರಾಮ್ವೆಲ್ ಸತ್ತು ಆಗಲೇ ಹೆಚ್ಚುಕಡಿಮೆ ಎರಡು ವರ್ಷವಾಗಿತ್ತು. ಆದರೂ ಬಿಡಲಿಲ್ಲ. 1661ರ ಜನವರಿ 30ರಂದು, ಅಂದರೆ ದೊರೆ ಸತ್ತ ದಿನವೇ, ಗೋರಿಯಿಂದ ತೆಗೆಸಿದ್ದ ಕ್ರಾಮ್ವೆಲ್‌ನ ಹೆಣವನ್ನು ನೇಣಿಗೇರಿಸಿ, ತಲೆ ಕಡಿದರು. ಆ ತಲೆಯನ್ನು ವೆಸ್ಟ್‌ಮಿನ್‌ಸ್ಟರ್ ಹಾಲ್ ಮೇಲೆ ಕಂಬಕ್ಕೆ ಸಿಕ್ಕಿಸಿದರು. ಲೊಂಬಾರ್ಟ್‌ನ ತಗಡಿನಲ್ಲೂ ಅವನ ತಲೆ ಉಳಿಯಲಿಲ್ಲ. ಆ ಕುದುರೆ ಮೇಲೆ ಕೊನೆಗೆ ಕೂತದ್ದು ಒಂದನೇ ಚಾರ್ಲ್ಸ್.

ನಮಸ್ಕಾರ.