ಹಸಿರು ಹೊಳಪು ಕಂಡ ಕೂಡ್ಲೇ ಚಪ್ಪಾಳೆ ಯಾಕ್ರೀ?

ನಮಸ್ಕಾರ್ರೀ. ಪ್ರೋಟೀನ್‌ಗೆ ಹಸಿರು ಹೊಳಿಯೋ ಬಣ್ಣ ಅಂಟಿಸಿ, ಪಾಲಿಮರ್ ಹಚ್ಚಿ ಸೆಲ್ (ಜೀವಕೋಶ) ಒಳಗ ಕಳಿಸೀವಿ ಅಂತ ಪೋಸ್ಟರ್ ಮ್ಯಾಲ ಹಸಿರು ಹೊಳಿಯೋ ಫೋಟೊ ಹಚ್ತಾರಲ್ಲ, ಅದೊಂದನ್ನೇ ನಂಬಬ್ಯಾಡ್ರಿ. ಕಲಬುರಗಿ, ಕಡಗಂಚಿ, ಬೀದರ್ ಕಡೆ ಪ್ರಾಜೆಕ್ಟ್ ಮಾಡೋ ಎಂಎಸ್ಸಿ ಹುಡುಗರಿಗೂ, ಅವರ ಗೈಡ್‌ಗಳಿಗೂ ಈ ಮಾತು.

ಡಿಎನ್‌ಎ ಕೆಲಸ ಹಗುರ. ಅದರ ಮೈತುಂಬ ಋಣ ಚಾರ್ಜ್. ಪಿಇಐ (ಪಾಲಿಎಥಿಲೀನ್‌ಇಮೈನ್) ಅನ್ನೋ ಧನ ಚಾರ್ಜಿನ ಪಾಲಿಮರ್ ಹಾಕಿದ್ರ ತಾನೇ ಅಂಟ್ಕೋತದ. ಪ್ರೋಟೀನ್ ಹಂಗಲ್ಲ. ಬಿಎಸ್‌ಎ ಅಂದ್ರ ಆಕಳ ಸೀರಂದ ಆಲ್ಬುಮಿನ್ ಪ್ರೋಟೀನ್; ಅದರ ಐಸೋಎಲೆಕ್ಟ್ರಿಕ್ ಪಾಯಿಂಟ್ (ಒಟ್ಟು ಚಾರ್ಜ್ ಸೊನ್ನೆ ಆಗೋ ಪಿಎಚ್) 4.7ರ ಆಸುಪಾಸು, ಅಂದ್ರ ಪಿಎಚ್ 7.4ರಾಗ ಋಣ. ಆರ್‌ಎನ್‌ಎ ಕತ್ತರಿಸೋ ಕಿಣ್ವ ‘ಆರ್‌ಎನ್‌ಏಸ್-ಎ’ದ್ದು 9.6ರ ಹತ್ರ. ಅದೂ ಧನ, ಪಿಇಐನೂ ಧನ, ಕೂಡೋದು ಹೆಂಗ? ಬಿಎಸ್‌ಎ ಮ್ಯಾಲ ಗೆದ್ದ ಪಾಲಿಮರ್ ಎಲ್ಲದಕ್ಕೂ ನಡೀತದ ಅನ್ನೋದು ಬರೇ ಆಸೆ. ಅದಕ್ಕೇ ಫ್ಲೋರಿನ್, ಬೋರೋನಿಕ್ ಆಸಿಡ್ ಗುಂಪು ಸೇರಿಸಿದ ಪಾಲಿಮರ್‌ಗಳು ಬಂದಾವ.

ಬೆರಸೋದ್ರಾಗೂ ಕೆಡ್ತದ. 24 ವೆಲ್ (ಕುಣಿ) ಇರೋ ಪ್ಲೇಟಿನ ಒಂದು ವೆಲ್ಲಿಗೆ 1 ಮೈಕ್ರೋಗ್ರಾಂ ಪ್ರೋಟೀನ್ ತಗೊಂಡು, ಪಾಲಿಮರ್ 0.5, 1, 2, 4 ಮೈಕ್ರೋಗ್ರಾಂ ಹಿಂಗ ಏರಿಸ್ಕೋತ ಹೋಗ್ರಿ. ಬಫರ್ 20 ಮಿಲಿಮೋಲಾರ್ ಹೆಪಿಸ್. ಪಿಬಿಎಸ್ (ಉಪ್ಪು ಬೆರೆತ ಫಾಸ್ಫೇಟ್ ಬಫರ್) ಬ್ಯಾಡ, ಅದರ ಉಪ್ಪು ಚಾರ್ಜಿನ ಹಿಡಿತ ಸಡಿಲ ಮಾಡ್ತದ. 15ರಿಂದ 20 ನಿಮಿಷ ರೂಮ್ ಟೆಂಪರೇಚರ್‌ದಾಗ ಇಡ್ರಿ ಅಂತ ಪೇಪರ್‌ಗಳಾಗ ಬರದಿರ್ತಾರ. ಅವರ ರೂಮ್ 25 ಡಿಗ್ರಿ. ನಮ್ಮ ಕಡೆ ಮೇ ತಿಂಗಳದಾಗ ಕರೆಂಟ್ ಹೋಗಿ ಎಸಿ ನಿಂತ್ರ? ಪಾಲಿಮರ್, ಪ್ರೋಟೀನ್ ಕೂಡಿದ ಕಣಗಳು ಗಂಟು ಕಟ್ಟಿ ಕೆಳಗ ಕೂಡ್ತಾವ. ಟ್ಯೂಬನ್ನ 25 ಡಿಗ್ರಿ ನೀರಿನಾಗ ಇಡ್ರಿ, ಮುಗೀತು. ಸೆಲ್‌ಗೆ ಹಾಕೋವಾಗ 4 ತಾಸು ಸೀರಂ (ರಕ್ತದ ತಿಳಿದ್ರವ) ಇಲ್ಲದ ಮೀಡಿಯಂ; ಇಲ್ಲಂದ್ರ ಸೀರಂದ ಆಲ್ಬುಮಿನ್ನೇ ಪಾಲಿಮರ್ ಕಸಕೋತದ. ಆದ್ರ ಸೀರಂ ಹಾಕಿದ ಮ್ಯಾಲ ಕೆಲಸ ಮಾಡದ ಪಾಲಿಮರ್ ನಾಳೆ ರಕ್ತದಾಗ ಏನ್ ಮಾಡೀತು? ಸೀರಂ ಹಾಕಿಯೂ ಒಮ್ಮೆ ನೋಡ್ರಿ, ಆ ನಂಬರೂ ಬರೀರಿ.

ಈಗ ಹೊಳಪಿನ ಮಾತು. ಸೆಲ್ ಆ ಕಣವನ್ನ ನುಂಗಿ ಎಂಡೋಸೋಮ್ ಅನ್ನೋ ಚೀಲದಾಗ ಇಡ್ತದ. ಅಲ್ಲಿ ಪಿಎಚ್ 6, ಆಮ್ಯಾಲ 5ಕ್ಕ ಇಳೀತದ; ಕಡೀಕ ಲೈಸೋಸೋಮ್ ಅನ್ನೋ ಅರಗಿಸೋ ಚೀಲದಾಗ ಪ್ರೋಟೀನ್ ಚೂರುಚೂರು. ಚೀಲ ಹರಕೊಂಡು ಸೈಟೋಸಾಲ್‌ಗೆ (ಸೆಲ್ ಒಳಗಿನ ದ್ರವಕ್ಕ) ಬರೋದು ಬಹಳ ಕಮ್ಮಿ. ಕಲಬುರಗಿ ಬಸ್ ಸ್ಟ್ಯಾಂಡಿನಾಗ ಕುಂತವರು ಯಾದಗಿರಿ ಮುಟ್ಟಿದಂಗಲ್ಲ. ಚುಕ್ಕಿಚುಕ್ಕಿ ಹೊಳದ್ರ ಇನ್ನೂ ಚೀಲದಾಗೇ ಅದ. ಸೆಲ್ ತುಂಬ ಸಮನಾಗಿ ಹರಡಿದ್ರ ಹೊರಗ ಬಂದಿರಬಹುದು. 'ಬಹುದು' ಯಾಕಂದ್ರ, ಫಾರ್ಮಾಲ್ಡಿಹೈಡ್ ಹಾಕಿ ಫಿಕ್ಸ್ ಮಾಡಿದಾಗೂ ಸೋರಿ ಹಂಗೇ ಕಾಣಸ್ತದ. ಜೀವಂತ ಸೆಲ್ ನೋಡ್ರಿ. ಫ್ಲೋ ಸೈಟೋಮೆಟ್ರಿಗಿಂತ (ಒಂದೊಂದು ಸೆಲ್ಲಿನ ಹೊಳಪು ಅಳಿಯೋದಕ್ಕಿಂತ) ಮೊದಲ, ಋಣ ಚಾರ್ಜಿನ ಹೆಪಾರಿನ್ ಹಾಕಿದ ಪಿಬಿಎಸ್‌ಲೆ ತೊಳೀರಿ, ಮೈಗೆ ಅಂಟಿದ್ದು ಬಿಡ್ತದ.

ಖರೇ ಪರೀಕ್ಷೆ ಪ್ರೋಟೀನ್ ಮಾಡೋ ಕೆಲಸ. ಬೀಟಾ ಗ್ಯಾಲಕ್ಟೋಸಿಡೇಸ್ ಅನ್ನೋ ಕಿಣ್ವ ಕಳಿಸಿ, ಅದು ಕತ್ತರಿಸೋ ಎಕ್ಸ್-ಗ್ಯಾಲ್ ಹಾಕಿದ್ರ ನೀಲಿ ಬಣ್ಣ, ಸಾದಾ ಮೈಕ್ರೋಸ್ಕೋಪ್ ಸಾಕು. ಆದ್ರ ಅದು ಕಿಣ್ವ ಕೆಟ್ಟಿಲ್ಲ ಅಂತಷ್ಟೇ ಹೇಳ್ತದ, ಚೀಲದಾಗ ಕುಂತದ್ದೂ ನೀಲಿ ಕೊಡ್ತದ. ಸಾಪೋರಿನ್ ಅನ್ನೋ ಗಿಡದ ವಿಷ ಪ್ರೋಟೀನ್ ಹಂಗಲ್ಲ: ಸೈಟೋಸಾಲ್‌ದಾಗಿನ ರೈಬೋಸೋಮ್ (ಪ್ರೋಟೀನ್ ಕಟ್ಟೋ ಯಂತ್ರ) ಮುಟ್ಟಿದ್ರ ಮಾತ್ರ ಸೆಲ್ ಸಾಯ್ತದ. ಇಲ್ಲೂ ಒಂದು ಹುಷಾರಿ, ಪಿಇಐ ತಾನೇ ಸೆಲ್ ಕೊಲ್ತದ. ಅದಕ್ಕ ಅದೇ ಪ್ರಮಾಣದ ಬರೇ ಪಾಲಿಮರ್, ಬರೇ ಸಾಪೋರಿನ್, ಪಾಲಿಮರ್ ಜೊತಿಗೆ ಬಿಎಸ್‌ಎ, ಈ ಮೂರೂ ಕಂಟ್ರೋಲ್ ಅದೇ ಪ್ಲೇಟಿನಾಗ ಇರಬೇಕು.