ಮರೆವಿಗೆ ಧ್ಯಾನ ಮದ್ದಾ?

ಕೇಳುಗರಿಗೆಲ್ಲ ನಮಸ್ಕಾರ. ವಯಸ್ಸಾದವರಿಗೆ ಸ್ವಲ್ಪ ಮರೆವು ಶುರುವಾಯ್ತು ಅಂದ್ರೆ ಸಾಕು, ಈಗ ಎಲ್ಲರೂ ಹೇಳೋದು ಒಂದೇ, ದಿನಾ ಮೈಂಡ್‌ಫುಲ್‌ನೆಸ್ ಮಾಡಿ ಎಂಟು ವಾರದಲ್ಲಿ ಬ್ರೈನ್ ಚುರುಕಾಗತ್ತೆ ಅಂತ. ಮೈಂಡ್‌ಫುಲ್‌ನೆಸ್ ಅಂದ್ರೆ ಉಸಿರು, ಮೈ, ಈ ಕ್ಷಣ ನಡೀತಿರೋದ್ರ ಮೇಲೆ ಗಮನ ಇಡೋ ಒಂದು ಬಗೆಯ ಧ್ಯಾನ. ಮೊಬೈಲಿಗೆ ಫಾರ್ವರ್ಡ್ ಬರತ್ತೆ, ಆ್ಯಪ್‌ನವರ ಜಾಹೀರಾತು ಬರತ್ತೆ. ಇದರಲ್ಲಿ ನಂಬೋದೆಷ್ಟು ಬಿಡೋದೆಷ್ಟು ಅಂತ ಇವತ್ತು ಮಾತಾಡ್ತೀನಿ.

ಮೊದಲಿಗೆ ಈ ಎಂಟು ವಾರದ ಲೆಕ್ಕ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿ ಮೆಡಿಕಲ್ ಸ್ಕೂಲಲ್ಲಿ ಜಾನ್ ಕಬಾಟ್-ಜಿನ್ ಅನ್ನೋರು ಮೈಂಡ್‌ಫುಲ್‌ನೆಸ್‌ನ ಒಂದು ಕೋರ್ಸ್ ಶುರು ಮಾಡಿದ್ರು, ಎಂಟು ವಾರ, ವಾರಕ್ಕೊಂದು ಕ್ಲಾಸು, ಮನೇಲಿ ದಿನಾ ಮುಕ್ಕಾಲು ಗಂಟೆ ಅಭ್ಯಾಸ. ಅದು ಹುಟ್ಟಿದ್ದು ವಾಸಿಯಾಗದ ನೋವು, ಒತ್ತಡ ಇರೋರಿಗೋಸ್ಕರ, ನೆನಪಿನ ಶಕ್ತಿಗಲ್ಲ. ನೆನಪಿನ ಮಾತು ಸೇರಿಕೊಂಡಿದ್ದು ಆಮೇಲೆ. 2011ರಲ್ಲಿ ಬಾಸ್ಟನ್ನಿನ ಸಂಶೋಧಕರು ಈ ಕೋರ್ಸ್ ಮಾಡಿದ 16 ಜನರ ಸ್ಕ್ಯಾನ್ ನೋಡಿ, ನೆನಪಿಗೆ ತುಂಬ ಬೇಕಾದ ಹಿಪೊಕ್ಯಾಂಪಸ್ ಅನ್ನೋ ಭಾಗದಲ್ಲಿ ಬದಲಾವಣೆ ಕಾಣ್ತಿದೆ ಅಂದ್ರು, ಅಷ್ಟು ಸಿಕ್ಕಿದ್ದೇ ತಡ "ಧ್ಯಾನ ಮಾಡಿದ್ರೆ ಮೆದುಳು ಬೆಳೆಯತ್ತೆ" ಅನ್ನೋ ಸುದ್ದಿ ಎಲ್ಲ ಕಡೆ ಓಡಾಡ್ತು. 2022ರಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿಯವರು ಇನ್ನೂರಕ್ಕೂ ಹೆಚ್ಚು ಜನರನ್ನ ತಗೊಂಡು ಮತ್ತೆ ನೋಡಿದಾಗ ಅಂಥ ಬೆಳವಣಿಗೆ ಕಾಣಲಿಲ್ಲ. ಈ ಸುದ್ದಿ ಮಾತ್ರ ಯಾರ ಫೋನಿಗೂ ಫಾರ್ವರ್ಡ್ ಆಗಲಿಲ್ಲ ಬಿಡಿ.

ಸರಿ, ಇವೆಲ್ಲ ಆರೋಗ್ಯವಾಗಿರೋರ ಕಥೆ. ಮರೆವು ಇರೋರಿಗೇನು? ವಯಸ್ಸಿಗೆ ಸಹಜ ಅನ್ನೋದಕ್ಕಿಂತ ಜಾಸ್ತಿ ಮರೆವು, ಆದ್ರೆ ದಿನದ ಕೆಲಸ ತಾವೇ ಮಾಡ್ಕೋತಾರೆ, ಇನ್ನೂ ಡಿಮೆನ್ಶಿಯಾ, ಅಂದ್ರೆ ದಿನದ ಕೆಲಸಕ್ಕೂ ಬೇರೆಯವರು ಬೇಕಾಗುವಷ್ಟು ಬುದ್ಧಿ ಕುಂದೋದು, ಅಲ್ಲ, ಈ ಮಧ್ಯದ ಹಂತಕ್ಕೆ ಡಾಕ್ಟರು ಎಂಸಿಐ ಅಂತಾರೆ. 2013ರಲ್ಲಿ ಬಾಸ್ಟನ್ನಲ್ಲೇ ಇಂಥ 14 ಜನರ ಮೇಲೆ ಒಂದು ಅಧ್ಯಯನ ಆಯ್ತು, ಕೋರ್ಸ್ ಮಾಡಿದವರಲ್ಲಿ ಮೆದುಳಿನ ಕೆಲವು ಭಾಗಗಳ ನಡುವಿನ ಹೊಂದಾಣಿಕೆ ಸ್ವಲ್ಪ ಉತ್ತಮ ಅನ್ನಿಸ್ತು. ಆಸೆ ಹುಟ್ಟಿಸೋ ಸುದ್ದಿನೇ, ಆದ್ರೆ ಹದಿನಾಲ್ಕೇ ಜನ. 2022ರ ಕೊನೆಗೆ ದೊಡ್ಡ ಟ್ರಯಲ್ ಒಂದರ ಫಲಿತಾಂಶ ಬಂತು. 65ರಿಂದ 84 ವರ್ಷದ, "ನಂಗೆ ಮರೆವು ಜಾಸ್ತಿಯಾಗ್ತಿದೆ" ಅಂತ ಅನ್ನಿಸ್ತಿದ್ದ 585 ಜನ, ಕೆಲವರಿಗೆ ಮೈಂಡ್‌ಫುಲ್‌ನೆಸ್, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಬರೀ ಆರೋಗ್ಯದ ಪಾಠ. ಆರು ತಿಂಗಳಾದ್ಮೇಲೆ ನೆನಪಿನ ಪರೀಕ್ಷೆ ಮಾಡಿದ್ರೆ, ಪಾಠ ಕೇಳಿದವರಿಗಿಂತ ಉಳಿದ ಯಾರೂ ಮುಂದೆ ಹೋಗಿರಲಿಲ್ಲ.

ಹಾಗಂತ ಇದನ್ನೆಲ್ಲ ಬಿಟ್ಟುಬಿಡಿ ಅಂತ ನಾನು ಹೇಳಲ್ಲ, ಯಾಕೆ ಮಾಡ್ತಿದೀವಿ ಅನ್ನೋದು ಗೊತ್ತಿದ್ರೆ ಸಾಕು. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕ್ತಾರಲ್ಲ, ಅದನ್ನೇ ತಗೊಳ್ಳಿ. ಇಡೋವಾಗ ಫೋನ್ ರಿಂಗಾಗಿರತ್ತೆ, ಗಮನ ಅಲ್ಲಿರತ್ತೆ, ಕೈ ತನ್ನಷ್ಟಕ್ಕೆ ಕಿಟಕಿ ಹತ್ರ ಇಟ್ಟುಬಿಟ್ಟಿರತ್ತೆ. ಅಲ್ಲಿ ಮರೆತಿದ್ದು ಏನೂ ಇಲ್ಲ, ನೆನಪು ಒಳಗೆ ಹೋಗೇ ಇರಲ್ಲ. ಇಂಥ ಮರೆವಿಗೆ ಗಮನ ಇಟ್ಟು ಮಾಡೋ ರೂಢಿ ಉಪಯೋಗಕ್ಕೆ ಬರಬಹುದು, ಇಡೋವಾಗ ಒಂದು ಕ್ಷಣ ನಿಂತು "ಕಿಟಕಿ ಹತ್ರ ಇಟ್ಟೆ" ಅಂತ ಬಾಯಿಬಿಟ್ಟು ಹೇಳ್ಕೊಳ್ಳೋದು. ಆದ್ರೆ ಡಿಮೆನ್ಶಿಯಾಗೆ ಮುಖ್ಯ ಕಾರಣವಾದ ಆಲ್ಜೈಮರ್ಸ್‌ನಲ್ಲಿ ಆಗೋದೇ ಬೇರೆ, ಪೂರ್ತಿ ಗಮನ ಕೊಟ್ಟು ಕೇಳಿರ್ತಾರೆ, ತಲೆನೂ ಆಡಿಸಿರ್ತಾರೆ, ಅದನ್ನ ಹಿಡಿದಿಡೋ ಜಾಗಕ್ಕೇ ಪೆಟ್ಟು ಬಿದ್ದಿರೋದ್ರಿಂದ ಹತ್ತು ನಿಮಿಷಕ್ಕೆ ಹೋಗಿಬಿಡತ್ತೆ. ಅಂಥವರಿಗೆ "ಸ್ವಲ್ಪ ಗಮನ ಇಟ್ಟು ಕೇಳಿ" ಅಂತ ಗದರೋದು ಅನ್ಯಾಯ.

ಇನ್ನೊಂದು, ಭಯ. ಒಂದು ಹೆಸರು ನೆನಪಿಗೆ ಬರ್ಲಿಲ್ಲ ಅಂದ್ರೆ "ನಂಗೂ ಶುರುವಾಯ್ತಾ" ಅನ್ನೋ ಗಾಬರಿ, ಆ ಗಾಬರೀಲಿ ಇದ್ದಬದ್ದ ಹೆಸರೂ ಮರೆತುಹೋಗೋದು. ಈ ಗಾಬರಿ ಇಳಿಸೋಕೆ, ನಿದ್ದೆಗೆ, ಮನಸ್ಸಿನ ಭಾರಕ್ಕೆ ಇದರಿಂದ ಕೆಲವರಿಗೆ ಅನುಕೂಲ ಆಗತ್ತೆ. ನನ್ನ ಕೇಳಿದ್ರೆ ಮಾಡೋದಾದ್ರೆ ಇದಕ್ಕೆ ಮಾಡಬೇಕು.

ಮರೆವು ಇರೋರ ಕೈಲಿ ಮಾಡಿಸೋದು ಹೇಗೆ? ಮುಕ್ಕಾಲು ಗಂಟೆ ಬೇಡವೇ ಬೇಡ, ಐದು ನಿಮಿಷ ಸಾಕು. ಕುರ್ಚಿ ಮೇಲೆ ಕೂತ್ಕೊಳ್ಳಲಿ, ಕಣ್ಣು ಮುಚ್ಚಲೇಬೇಕು ಅಂತಿಲ್ಲ, ಮುಚ್ಚಿದ್ರೆ ಕೆಲವರಿಗೆ ನಿದ್ದೆ ಬರತ್ತೆ, ಕೆಲವರಿಗೆ ದಿಗಿಲಾಗತ್ತೆ. ಪಕ್ಕದಲ್ಲಿ ನೀವೂ ಕೂತ್ಕೊಳ್ಳಿ. ಆ್ಯಪ್‌ನಲ್ಲಿ ಒಂದೇ ಸಮ ಬರೋ ಉದ್ದುದ್ದ ಸೂಚನೆ ಇವರಿಗೆ ನಿಲ್ಲಲ್ಲ, ಎರಡನೇ ವಾಕ್ಯ ಬರೋಷ್ಟರಲ್ಲಿ ಮೊದಲನೇದು ಹೋಗಿರತ್ತೆ. ಒಂದೊಂದೇ ಹೇಳಿ, "ಪಾದ ನೆಲಕ್ಕೆ ತಾಗಿದೆಯಾ ನೋಡಿ", ಸ್ವಲ್ಪ ಬಿಟ್ಟು "ಹೊಟ್ಟೆ ಮೇಲೆ ಕೈ ಇಡಿ", ಆಮೇಲೆ "ಉಸಿರಾಡಿದಾಗ ಕೈ ಮೇಲೆ ಬರ್ತಿದೆಯಾ". ಮಧ್ಯದಲ್ಲಿ ಎದ್ದು ಹೋದ್ರೆ ಹೋಗ್ಲಿ ಬಿಡಿ. ಇಲ್ಲದ್ದು ಕಾಣೋ, ಕೇಳೋ ತೊಂದರೆ ಇದ್ರೆ, ತೀವ್ರ ಖಿನ್ನತೆ ಇದ್ರೆ ಡಾಕ್ಟರನ್ನ ಕೇಳದೆ ಶುರು ಮಾಡಬೇಡಿ.

ನಿಜ ಹೇಳ್ಬೇಕಂದ್ರೆ ಇದರ ಉಪಯೋಗ ನೋಡಿಕೊಳ್ಳೋರಿಗೇ ಜಾಸ್ತಿ ಇರಬಹುದು ಅನ್ಸತ್ತೆ ನಂಗೆ. "ಇವತ್ತು ಯಾವ ವಾರ?" ಅಂತ ಬೆಳಗ್ಗಿಂದ ಎಂಟನೇ ಸಲ ಕೇಳ್ತಾರೆ, ಕೇಳೋರಿಗೆ ಅದು ಮೊದಲನೇ ಸಲ, ಉತ್ತರ ಹೇಳೋರಿಗೆ ಸಿಟ್ಟು ನೆತ್ತಿಗೇರತ್ತೆ. ಆಗ ಒಂದು ಉಸಿರು ಪೂರ್ತಿ ಹೊರಗೆ ಬಿಟ್ಟು ಆಮೇಲೆ "ಬುಧವಾರ" ಅಂದ್ರೆ ದನಿ ಬೇರೆಯೇ ಇರತ್ತೆ. ಮಾತು ಮರೆತುಹೋದ್ರೂ ಗದರಿಸಿಕೊಂಡ ಬೇಜಾರು ಅವರಲ್ಲಿ ಸುಮಾರು ಹೊತ್ತು ಉಳಿಯತ್ತೆ.

ಇನ್ನು ಮರೆವಿಗೆ ಧ್ಯಾನ ಅಂತ ಕೂತು ಡಾಕ್ಟರ ಹತ್ರ ಹೋಗದೆ ಇರೋದು, ನಂಗೆ ಇದರದ್ದೇ ಚಿಂತೆ. ಬಿ12 ಕಮ್ಮಿ ಇದ್ರೆ, ಥೈರಾಯ್ಡ್ ಏರುಪೇರಾದ್ರೆ, ಖಿನ್ನತೆ ಇದ್ರೆ, ಕೆಲವು ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳಿಂದ ಕೂಡ ಮರೆವು ಬರತ್ತೆ, ಇವಕ್ಕೆಲ್ಲ ಚಿಕಿತ್ಸೆ ಇದೆ. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಡಿಮೆನ್ಶಿಯಾಗೆ ದಾರಿ ಮಾಡಿಕೊಡೋ, ಆದ್ರೆ ನಾವು ತಿದ್ದಬಹುದಾದ 14 ಅಂಶ ಹೇಳಿತು, ಬಿಪಿ, ಶುಗರ್, ಕಿವಿ ಕೇಳದಿರೋದು, ಕಣ್ಣು ಮಂಜಾಗೋದು, ಒಂಟಿತನ ಎಲ್ಲ ಅದರಲ್ಲಿವೆ, ಇವನ್ನೆಲ್ಲ ಸರಿಪಡಿಸಿದ್ರೆ ಸುಮಾರು 45 ಪರ್ಸೆಂಟ್ ಕೇಸ್ ತಪ್ಪಿಸಬಹುದು ಇಲ್ಲ ಮುಂದೂಡಬಹುದು ಅನ್ನೋ ಅಂದಾಜು. ಆ ಪಟ್ಟಿಯಲ್ಲಿ ಧ್ಯಾನ ಮಾಡದಿರೋದು ಇಲ್ಲ. ಅದಕ್ಕೇ ಡಾಕ್ಟರ ಹತ್ರ ಹೋಗುವಾಗ ಮನೇಲಿರೋ ಮಾತ್ರೆಗಳನ್ನ ಎಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ ತೋರಿಸಿ, ಕಿವಿ ಟೆಸ್ಟ್ ಮಾಡಿಸಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ನಮಸ್ಕಾರ.