ಪ್ಯಾನಲ್‌ಗೆ ಬಾಡಿಗೆ ಇದೆ, ತಂತಿಗೆ ಯಾಕಿಲ್ಲ?

ನಮಸ್ಕಾರ. ಬೆಳಗಿನ ಜಾವ ಇಬ್ಬನಿ ಬಿದ್ದಿರುವಾಗ 400 ಕೆವಿ, ಅಂದರೆ ನಾಲ್ಕು ಲಕ್ಷ ವೋಲ್ಟ್‌ನ ಕರೆಂಟ್ ಲೈನಿನ ಕೆಳಗೆ ಯಾವತ್ತಾದರೂ ನಿಂತಿದ್ದೀರಾ? ತಲೆಯ ಮೇಲೆ ಯಾರೋ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಚಟ ಅಂತಿರುತ್ತೆ. ನಾನು ನಿಂತಿದ್ದು ತುಮಕೂರು ಜಿಲ್ಲೆಯಲ್ಲಿ, ನಮ್ಮ ಸೋದರಮಾವನ ತೆಂಗಿನ ತೋಟದಲ್ಲಿ. ತೋಟದ ನಡುವೆ ಬೈತಲೆ ತೆಗೆದ ಹಾಗೆ ಉದ್ದಕ್ಕೂ ಬಯಲು. ಲೈನ್ ಎಳೆಯುವಾಗ ಅಲ್ಲಿದ್ದ ಮರಗಳನ್ನೆಲ್ಲ ಕಡಿದರು. ಮರಕ್ಕೆ ಇಷ್ಟು ಅಂತ ಲೆಕ್ಕ ಹಾಕಿ ಒಂದು ಸಲ ದುಡ್ಡು ಕೊಟ್ಟರು. ಅದು ಮಗಳ ಮದುವೆಗೆ ಆಯಿತು. ಈಗ ಆ ಜಾಗದಲ್ಲಿ ಮಾವ ಹುರುಳಿ ಚೆಲ್ಲುತ್ತಾರೆ.

ನಾನು ಲೈನ್ ಬೇಡ ಅನ್ನುವವನಲ್ಲ. ಪಾವಗಡದ ಸೋಲಾರ್ ಪಾರ್ಕ್ ನೋಡಿ. ತಿರುಮಣಿ ಸುತ್ತಮುತ್ತ ಐದು ಹಳ್ಳಿ, 13,000 ಎಕರೆ, 2,050 ಮೆಗಾವ್ಯಾಟ್. ಐದು ಹಳ್ಳಿ ಸೇರಿ ಅಷ್ಟು ಕರೆಂಟ್ ಇಟ್ಟುಕೊಂಡು ಏನು ಮಾಡುತ್ತವೆ? ಅದು ಬೆಂಗಳೂರಿಗೆ ಬರಬೇಕು, ಫ್ಯಾಕ್ಟರಿಗಳಿಗೆ ಹೋಗಬೇಕು. ಹೊತ್ತು ಮುಳುಗಿದರೆ ಪ್ಯಾನಲ್ ಸೊನ್ನೆ. ಸರಿಯಾಗಿ ಅದೇ ಹೊತ್ತಿಗೆ ನಾವು ಮನೆಗೆ ಬಂದು ಲೈಟು, ಟಿವಿ, ಮಿಕ್ಸಿ ಹಾಕುತ್ತೇವೆ. ಆಗ ಶರಾವತಿಯ ಟರ್ಬೈನ್‌ಗಳು ತಿರುಗಬೇಕು. ನೀರಿನ ಕರೆಂಟಿಗೆ ಇರುವ ಗುಣವೇ ಅದು, ಕೆಲವೇ ನಿಮಿಷದಲ್ಲಿ ಏರುತ್ತದೆ, ಇಳಿಯುತ್ತದೆ. ಪಾವಗಡಕ್ಕೂ ಜೋಗದ ಕಡೆಗೂ ನಂಟು ಬೆಸೆದಿರೋದು ಈ ತಂತಿಯೇ. ಇಡೀ ದಕ್ಷಿಣ ಭಾರತ ದೇಶದ ಗ್ರಿಡ್ (ಕರೆಂಟ್ ಲೈನುಗಳ ಜಾಲ) ಜೊತೆ ಒಂದಾಗಿದ್ದೂ ಒಂದು ಲೈನಿನಿಂದಲೇ. ರಾಯಚೂರು–ಸೊಲ್ಲಾಪುರ 765 ಕೆವಿ, 2013ರ ಡಿಸೆಂಬರ್ 31.

ರೈತರಿಗೂ ಇದರಿಂದ ಲಾಭ ಆಗಿದೆ. ಮೊದಲೆಲ್ಲ ಪಂಪ್‌ಸೆಟ್‌ಗೆ ತ್ರೀ ಫೇಸ್ ಬರುತ್ತಿದ್ದದ್ದೇ ರಾತ್ರಿ. ಮಾವ ಬ್ಯಾಟರಿ ಹಿಡಿದು, ಹಾವಿಗೆ ಹೆದರಿಕೊಂಡು ಮೋಟರ್ ಹಾಕಲು ಹೋಗುತ್ತಿದ್ದರು. ಸೋಲಾರ್ ಜಾಸ್ತಿ ಆದಮೇಲೆ ಎಷ್ಟೋ ಫೀಡರ್‌ಗಳಲ್ಲಿ (ಸಬ್‌ಸ್ಟೇಷನ್‌ನಿಂದ ಹಳ್ಳಿಗೆ ಬರುವ ಲೈನುಗಳಲ್ಲಿ) ಅದು ಹಗಲಿಗೆ ಬಂದಿದೆ.

ನನ್ನ ತಕರಾರು ಬೇರೆ.

ಪಾವಗಡದಲ್ಲಿ ಪ್ಯಾನಲ್ ಹಾಕಲು ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ. 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಕೂಡಿಸಿ ನೋಡಿದೆ, ಎಕರೆಗೆ 8 ಲಕ್ಷ ದಾಟುತ್ತದೆ. ಜಮೀನೇ ಇಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಇದರಲ್ಲಿ ಏನೂ ಇಲ್ಲ, ಅದು ಇನ್ನೊಂದು ದಿನ ಮಾತಾಡಬೇಕಾದ ವಿಷಯ. ಆದರೂ ಜಮೀನಿದ್ದವರಿಗೆ ವರ್ಷಾವರ್ಷ ದುಡ್ಡು ಬರುತ್ತದೆ.

ಅದೇ ಕರೆಂಟ್ ಹೊತ್ತ ತಂತಿ ಪಕ್ಕದ ತಾಲ್ಲೂಕಿನ ಹೊಲದ ಮೇಲೆ ಹೋದರೆ? ಒಂದೇ ಸಲ ಪರಿಹಾರ, ಅಲ್ಲಿಗೆ ಮುಗೀತು. ಪಹಣಿಯಲ್ಲಿ ಹೆಸರು ರೈತನದ್ದೇ. ಆದರೆ ಅಲ್ಲಿ ಮನೆ ಕಟ್ಟುವ ಹಾಗಿಲ್ಲ, ತೆಂಗು ಇಡುವ ಹಾಗಿಲ್ಲ. 400 ಕೆವಿ ಲೈನಿಗೆ 46 ಮೀಟರ್ ಅಗಲ ಬಿಡಬೇಕು. ಒಂದು ಕಿಲೋಮೀಟರ್ ಹೋದರೆ 11 ಎಕರೆ ಮೇಲಾಯಿತು.

ಇದು ಯಾವ ಕಾನೂನು ಅಂತೀರಾ? 1885ರ ಟೆಲಿಗ್ರಾಫ್ ಕಾಯ್ದೆ. ಟೆಲಿಗ್ರಾಂ ಕಂಬ ನೆಡಲು ಬ್ರಿಟಿಷರು ಮಾಡಿಕೊಂಡಿದ್ದು. 2003ರ ವಿದ್ಯುತ್ ಕಾಯ್ದೆ ಅದೇ ಅಧಿಕಾರವನ್ನು ಲೈನ್ ಎಳೆಯುವವರ ಕೈಗೆ ಕೊಟ್ಟಿತು. ಟೆಲಿಗ್ರಾಂ 2013ರಲ್ಲಿ ನಿಂತೇ ಹೋಯಿತು. 2023ರಲ್ಲಿ ಹೊಸ ಟೆಲಿಕಾಂ ಕಾಯ್ದೆ ತಂದು ಹಳೆಯದಕ್ಕೆ ಎಳ್ಳುನೀರು ಬಿಡಲು ಹೊರಟರು. ಅದರಲ್ಲೂ ಒಂದು ಸಾಲು ಸೇರಿಸಿದ್ದಾರೆ: ಕರೆಂಟ್ ಲೈನಿನ ಮಟ್ಟಿಗೆ ಹಳೇ ಕಾಯ್ದೆಯ ಆ ಭಾಗ ಮುಂದುವರಿಯುತ್ತದೆ. ಟೆಲಿಗ್ರಾಂ ಸತ್ತರೂ ಕಂಬದ ಕಾನೂನು ಸಾಯಲಿಲ್ಲ!

ಪರಿಹಾರದ ಮೊತ್ತ ಏರಿದೆ, ಇಲ್ಲ ಅನ್ನಲ್ಲ. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ಕಾಲಿನ ಜಾಗಕ್ಕೆ ಭೂಮಿ ಬೆಲೆಯ 85%, ತಂತಿ ಕೆಳಗಿನ ಜಾಗಕ್ಕೆ ಹೆಚ್ಚೆಂದರೆ 15% ಇತ್ತು. 2024ರಲ್ಲಿ ಅದನ್ನು 200% ಮತ್ತು 30% ಮಾಡಿದರು. ಒಪ್ಪುವುದು ಬಿಡುವುದು ಆಯಾ ರಾಜ್ಯಕ್ಕೆ ಬಿಟ್ಟಿದ್ದು. ಏನೇ ಆದರೂ ಅದು ಒಂದು ಸಲದ ದುಡ್ಡೇ. ಒಂದು ಸಲದ ದುಡ್ಡು ಹಳ್ಳಿಯಲ್ಲಿ ಹೇಗೆ ಕರಗುತ್ತದೆ ಅನ್ನೋದು ಗೊತ್ತಲ್ವಾ? ಸಾಲ, ಮದುವೆ, ಬೈಕು.

ನನ್ನ ಪ್ರಕಾರ ತಂತಿಗೂ ವರ್ಷಕ್ಕಿಷ್ಟು ಅಂತ ಬಾಡಿಗೆ ಕೊಡಬೇಕು. ಪ್ಯಾನಲ್‌ನಷ್ಟು ಬೇಡ, ಕೆಳಗೆ ರಾಗಿ, ಕಡ್ಲೆಕಾಯಿ ಬೆಳೆಯಬಹುದಲ್ಲ. ಎಕರೆಗೆ 5,000 ಅಂತಿಟ್ಟುಕೊಳ್ಳಿ. ನೂರು ಕಿಲೋಮೀಟರ್ ಲೈನಿಗೆ ವರ್ಷಕ್ಕೆ 60 ಲಕ್ಷದೊಳಗೆ ಮುಗಿಯುತ್ತದೆ. 2030ಕ್ಕೆ ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳಿಂದ 500 ಗಿಗಾವ್ಯಾಟ್ ಅನ್ನುವ ದೇಶದ ಗುರಿ ಮುಟ್ಟಲು ಕೇಂದ್ರ ವಿದ್ಯುತ್ ಪ್ರಾಧಿಕಾರ 2022ರಲ್ಲಿ ಹಾಕಿದ ಅಂದಾಜು ಸುಮಾರು 51,000 ಸರ್ಕ್ಯೂಟ್ ಕಿಲೋಮೀಟರ್ (ಒಂದೇ ಟವರ್ ಮೇಲೆ ಎರಡು ಸರ್ಕ್ಯೂಟ್ ತಂತಿ ಇದ್ದರೆ ಎರಡು ಸಲ ಎಣಿಸುವ ಲೆಕ್ಕ) ಹೊಸ ಲೈನು, 2.44 ಲಕ್ಷ ಕೋಟಿ ರೂಪಾಯಿ ಖರ್ಚು. ಅಷ್ಟಕ್ಕೂ ಈ ದರದಲ್ಲಿ ಬಾಡಿಗೆ ಕೊಟ್ಟರೂ ವರ್ಷಕ್ಕೆ 300 ಕೋಟಿ ಆಸುಪಾಸು. ಇದು ನನ್ನ ಒರಟು ಲೆಕ್ಕ, 765 ಕೆವಿಗೆ ಅಗಲ ಜಾಸ್ತಿ ಬೇಕು, ಒಂದೇ ಟವರ್ ಮೇಲೆ ಎರಡು ಸರ್ಕ್ಯೂಟ್ ಇದ್ದರೆ ಕಡಿಮೆ ಸಾಕು.

ನಮ್ಮ ಬಿಲ್ಲಿಗೆ ಸೇರುತ್ತೆ ಅಂತೀರಿ. ಸೇರಲಿ. ಲೈನ್ ತಡವಾದರೂ ಅದು ಬಿಲ್ಲಿಗೇ ತಾನೇ ಸೇರೋದು? 2025ರಲ್ಲಿ ರಾಜಸ್ಥಾನದಲ್ಲಿ ಆಗಿದ್ದೇ ಅದು. ಸೋಲಾರ್ ಸಿದ್ಧ, ಸಾಗಿಸುವ ಲೈನ್ ಸಿದ್ಧವಿಲ್ಲ. ನಡುಮಧ್ಯಾಹ್ನ ಉತ್ಪಾದನೆ ತಗ್ಗಿಸಿ ಅಂತ ಹೇಳಬೇಕಾಯಿತು. ಸೋಲಾರ್ ಘಟಕ ಎರಡು ವರ್ಷದೊಳಗೆ ಎದ್ದು ನಿಲ್ಲಬಹುದು. ಲೈನ್ ಹಾಗಲ್ಲ, ಸಾವಿರ ಹೊಲ ದಾಟಬೇಕು, ಪ್ರತಿ ಹೊಲದಲ್ಲೂ ಒಬ್ಬ ಮಾಲೀಕ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಪಕ್ಕದ ತೋಟದಲ್ಲಿ ಇನ್ನೊಂದು ಲೈನಿಗೆ ಸರ್ವೆ ಮಾಡಿ, ಕೆಂಪು ಬಣ್ಣದ ಗೂಟ ಹೊಡೆದು ಹೋಗಿದ್ದರಂತೆ. ನಾನು ನೋಡಿದಾಗ ಒಂದೂ ಇರಲಿಲ್ಲ.

"ಮಾವ, ಗೂಟ ಎಲ್ಲಿ?" ಅಂದೆ.

ಮಾವ ಆ ಕಡೆ ತಿರುಗಿ, ಪಕ್ಕದ ಮನೆ ಮಾಡಿನ ಮೇಲೆ ಏಳುತ್ತಿದ್ದ ಹೊಗೆ ತೋರಿಸಿದರು. "ಮೊಬೈಲ್ ಟವರ್‌ಗೆ ತಿಂಗಳು ತಿಂಗಳು ಬಾಡಿಗೆ ಕೊಡ್ತಾರಪ್ಪ," ಅಂದರು. "ಇದಕ್ಕೆ ಗೂಟವಷ್ಟೇ. ನೀರು ಕಾಯಿಸ್ತಿದ್ದಾನೆ."